ದೊಡ್ಡ ಸರೋವರ ಉಳಿಸುವುದು ಹೇಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. "ನಮ್ಮ ಸರೋವರ ಹಸಿರುಗಟ್ಟಿ ನಾರುತ್ತಿದೆ, ಯಾವ ಯಂತ್ರ ಹಾಕಿಸಬೇಕು?" "ಹೂಳು ತೆಗೆಸಿದರೆ ಸರಿಹೋಗುತ್ತಾ?" "ಸೂಕ್ಷ್ಮಜೀವಿಗಳ ದ್ರಾವಣ ಸುರಿದರೆ ನೀರು ತಿಳಿಯಾಗುತ್ತಂತೆ, ನಿಜಾನಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲೇ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸರೋವರದ ವಿಷಯದಲ್ಲಿ ಕೆಲಸದ ಕ್ರಮವೇ ಎಲ್ಲಕ್ಕಿಂತ ದೊಡ್ಡದು. ಹೂಳೆತ್ತುವುದು ಒಳ್ಳೆಯ ಕೆಲಸವೇ, ಕಳೆ ತೆಗೆಯುವುದೂ ಒಳ್ಳೆಯದೇ. ಆದರೆ ಮೇಲಿನಿಂದ ಕೊಳಚೆ ಹರಿದು ಬರುತ್ತಿರುವಾಗಲೇ ಇವನ್ನು ಮಾಡಿದರೆ ಕೆಲವೇ ವರ್ಷದಲ್ಲಿ ಸರೋವರ ಮತ್ತೆ ಮೊದಲಿನ ಹಾಗೇ ಆಗುತ್ತದೆ. ಅಷ್ಟರಲ್ಲಿ ದುಡ್ಡು ಹೋಗಿರುತ್ತದೆ, ಜನರ ನಂಬಿಕೆಯೂ ಹೋಗಿರುತ್ತದೆ. ದುಡ್ಡನ್ನಾದರೂ ಮತ್ತೆ ಹೊಂದಿಸಬಹುದು, ಒಮ್ಮೆ ಬೇಸತ್ತು ಮನೆಗೆ ಹೋದ ಜನರನ್ನು ಮತ್ತೆ ದಡಕ್ಕೆ ಕರೆತರುವುದು ಬಹಳ ಕಷ್ಟ.

ದೊಡ್ಡ ಸರೋವರ ಅಂದಾಗ ನಾನು ಯೋಚಿಸುತ್ತಿರುವುದು ಪೂರ್ತಿ ಬತ್ತಿಸಿ ದುರಸ್ತಿ ಮಾಡಲು ಆಗದಷ್ಟು ನೀರಿರುವ, ಹಲವು ಹಳ್ಳ ಹೊಳೆಗಳು ಬಂದು ಸೇರುವ, ಒಂದಕ್ಕಿಂತ ಹೆಚ್ಚು ಊರುಗಳ ಆಡಳಿತಕ್ಕೆ ಸೇರಿದ ಸಿಹಿನೀರಿನ ಸರೋವರವನ್ನು. ಪುಟ್ಟ ಕೊಳಕ್ಕೆ ಇಷ್ಟೆಲ್ಲ ಬೇಕಾಗುವುದಿಲ್ಲ.

ಕೈಯಲ್ಲಿ ಏನೇನಿರಬೇಕು

ಸರೋವರದ ಸುತ್ತಲಿನ ನೆಲದ ಏರುತಗ್ಗು ತೋರಿಸುವ ನಕ್ಷೆ. ಒಂದು ದೋಣಿ, ಅದರಲ್ಲಿ ಕೂರುವ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್. ನೀರು ಎಷ್ಟು ತಿಳಿಯಾಗಿದೆ ಅಂತ ನೋಡುವ ಒಂದು ಸೆಕ್ಕಿ ತಟ್ಟೆ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಮೀಟರ್. ನೀರಿನಲ್ಲಿರುವ ರಂಜಕವನ್ನು (ಫಾಸ್ಫರಸ್, ಪಾಚಿಗೆ ಆಹಾರವಾಗುವ ಪೋಷಕಾಂಶ) ಸರಿಯಾಗಿ ಅಳೆದು ಕೊಡುವ ಪ್ರಯೋಗಾಲಯ. ಒಂದು ದಪ್ಪ ನೋಟ್‌ಬುಕ್. ಇವೆಲ್ಲಕ್ಕಿಂತ ಮುಖ್ಯವಾಗಿ ಐದಾರು ವರ್ಷ ಬಿಟ್ಟುಹೋಗದ ಏಳೆಂಟು ಜನ. ಅದರಲ್ಲಿ ಮೀನು ಹಿಡಿದು ಬದುಕುವವರು ಇರಲೇಬೇಕು. ಅವರಿಗೆ ಗೊತ್ತಿರುವಷ್ಟು ಆ ನೀರಿನ ಬಗ್ಗೆ ಯಾವ ವರದಿಯಲ್ಲೂ ಸಿಗುವುದಿಲ್ಲ. ಯಾವ ಮೂಲೆಯಲ್ಲಿ ಮೀನು ಮೊಟ್ಟೆ ಇಡುತ್ತದೆ, ಯಾವ ತಿಂಗಳು ನೀರಿನ ಬಣ್ಣ ಬದಲಾಗುತ್ತದೆ, ಯಾವ ಹಳ್ಳ ರಾತ್ರಿ ಹೊತ್ತು ಮಾತ್ರ ನೊರೆ ತರುತ್ತದೆ ಅನ್ನೋದನ್ನೆಲ್ಲ ಅವರೇ ಹೇಳಬಲ್ಲರು. ಯೋಜನೆ ಮುಗಿದ ಮೇಲೆ ಅವರ ಒಪ್ಪಿಗೆ ಕೇಳಲು ಹೋಗಬೇಡಿ, ಮೊದಲ ದಿನವೇ ಕರೆಯಿರಿ.

1. ನೀರು ಎಲ್ಲಿಂದ ಬರುತ್ತದೆ ಅಂತ ನಕ್ಷೆ ಬರೆಯಿರಿ

ಮಳೆ ಬಿದ್ದಾಗ ಯಾವ ಯಾವ ನೆಲದ ನೀರು ಹರಿದು ಕೊನೆಗೆ ನಿಮ್ಮ ಸರೋವರ ಸೇರುತ್ತದೋ ಆ ಇಡೀ ನೆಲವನ್ನು ಜಲಾನಯನ ಪ್ರದೇಶ ಅನ್ನುತ್ತಾರೆ. ಇದರ ಗಡಿಯನ್ನು ನಕ್ಷೆಯಲ್ಲಿ ಗುರುತಿಸಿ. ಸಾಮಾನ್ಯವಾಗಿ ಇದು ಸರೋವರಕ್ಕಿಂತ ಹಲವು ಪಟ್ಟು ದೊಡ್ಡದಾಗಿರುತ್ತದೆ. ಆಮೇಲೆ ಒಳಬರುವ ಪ್ರತಿಯೊಂದು ಹಳ್ಳ, ಕಾಲುವೆ, ಚರಂಡಿ, ಕೊಳವೆಯನ್ನು ನಡೆದುಕೊಂಡೇ ಹೋಗಿ ನೋಡಿ. ಉಪಗ್ರಹ ಚಿತ್ರ ಸಹಾಯ ಮಾಡುತ್ತದೆ, ಆದರೆ ಪೊದೆಯ ಹಿಂದೆ ಅಡಗಿರುವ ಕೊಳವೆ ಅದರಲ್ಲಿ ಕಾಣುವುದಿಲ್ಲ. ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಜೋರು ಮಳೆ ಬಂದ ಮರುದಿನ, ಎರಡು ಸಲ ನಡೆಯಿರಿ. ಮಳೆಯೇ ಇಲ್ಲದ ದಿನ ಹರಿಯುತ್ತಿರುವ ಕೊಳವೆ ಕಂಡರೆ ಅದರಲ್ಲಿ ಬರುತ್ತಿರುವುದು ಹೆಚ್ಚಾಗಿ ಬಳಸಿ ಬಿಟ್ಟ ನೀರೇ, ಗುರುತು ಹಾಕಿಕೊಳ್ಳಿ.

ಇದೇ ಹಂತದಲ್ಲಿ ಇನ್ನೊಂದು ಲೆಕ್ಕ ಮಾಡಿ. ಸರೋವರದಲ್ಲಿರುವ ಒಟ್ಟು ನೀರನ್ನು ವರ್ಷಕ್ಕೆ ಹೊರಹೋಗುವ ನೀರಿನಿಂದ ಭಾಗಿಸಿದರೆ ಅದರ ನೀರು ಪೂರ್ತಿ ಬದಲಾಗಲು ಎಷ್ಟು ವರ್ಷ ಬೇಕು ಅನ್ನೋದು ಸುಮಾರಾಗಿ ಸಿಗುತ್ತದೆ. ಉತ್ತರ ಅಮೆರಿಕದ ಈರೀ ಸರೋವರಕ್ಕೆ ಇದು ಮೂರು ವರ್ಷಕ್ಕೂ ಕಡಿಮೆ, ಅದರ ಮೇಲಿರುವ ಸುಪೀರಿಯರ್‌ಗೆ ಸುಮಾರು 190 ವರ್ಷ. ಜನ ಬಂದು "ಯಾವಾಗ ಸರಿಯಾಗುತ್ತೆ?" ಅಂತ ಕೇಳಿದಾಗ ಈ ಲೆಕ್ಕ ಕೈಲಿದ್ದರೆ ಸುಳ್ಳು ಭರವಸೆ ಕೊಡುವ ಪ್ರಮೇಯ ಬರುವುದಿಲ್ಲ.

2. ಒಂದು ವರ್ಷ ಅಳೆಯಿರಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ದಯವಿಟ್ಟು ಹಾರಿಸಬೇಡಿ. ಶುರುವಿನಲ್ಲಿ ಹೇಗಿತ್ತು ಅಂತ ಬರೆದಿಡದಿದ್ದರೆ ಐದು ವರ್ಷದ ನಂತರ ಸುಧಾರಿಸಿದೆಯೋ ಇಲ್ಲವೋ ಅನ್ನೋದು ಬರೀ ವಾದವಾಗಿ ಉಳಿಯುತ್ತದೆ.

ಸೆಕ್ಕಿ ತಟ್ಟೆ ಅಂದರೆ 20 ಸೆಂಟಿಮೀಟರ್ ಅಗಲದ ದುಂಡು ತಟ್ಟೆ. ಅದನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿದಿರುತ್ತಾರೆ. 1865ರಲ್ಲಿ ಆಂಜೆಲೊ ಸೆಕ್ಕಿ ಅನ್ನುವ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿಯೂ ಆಗಿದ್ದವರು, ಇಂಥ ತಟ್ಟೆ ಇಳಿಬಿಟ್ಟು ಸಮುದ್ರದ ನೀರು ಎಷ್ಟು ತಿಳಿಯಾಗಿದೆ ಅಂತ ನೋಡಿದರು. ಇವತ್ತಿಗೂ ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿ ಉಪಕರಣ ಬಂದಿಲ್ಲ. ಅಳತೆ ಗುರುತು ಹಾಕಿದ ಹಗ್ಗಕ್ಕೆ ಕಟ್ಟಿ, ಕೆಳಗೆ ಭಾರ ಕೊಟ್ಟು, ದೋಣಿಯ ನೆರಳಿರುವ ಬದಿಯಿಂದ ಇಳಿಬಿಡಿ. ಕಣ್ಣಿಗೆ ಮರೆಯಾದ ಆಳ, ಮೇಲೆಳೆಯುವಾಗ ಮತ್ತೆ ಕಂಡ ಆಳ, ಎರಡನ್ನೂ ಬರೆದು ಸರಾಸರಿ ತೆಗೆಯಿರಿ. ಕಪ್ಪು ಕನ್ನಡಕ ತೆಗೆದಿಡಿ. ಪ್ರತಿ ಸಲವೂ ಅದೇ ಜಾಗ, ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ, ಹದಿನೈದು ದಿನಕ್ಕೊಮ್ಮೆ.

ಆಮ್ಲಜನಕವನ್ನು ಮಾತ್ರ ಆ ಹೊತ್ತಿನಲ್ಲಿ ಅಳೆದು ನೆಮ್ಮದಿಯಾಗಿ ಕೂರಬೇಡಿ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಹಾಗಾಗಿ ಮಧ್ಯಾಹ್ನ ಸೊಗಸಾಗಿ ಕಾಣುವ ನೀರಿನಲ್ಲೇ ಬೆಳಗಿನ ಜಾವ ಮೀನು ಸಾಯುತ್ತವೆ. ಸೂರ್ಯ ಹುಟ್ಟುವ ಮೊದಲು ಅಳೆಯಿರಿ, ಮೇಲಿನಿಂದ ತಳದವರೆಗೆ ಮೀಟರ್‌ಗೆ ಒಂದರಂತೆ ಅಳೆಯಿರಿ. ಲೀಟರ್‌ಗೆ 5 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳಿಗೆ ಕಷ್ಟ, 2ಕ್ಕಿಂತ ಇಳಿದರೆ ಅಲ್ಲಿ ಬಹುತೇಕ ಯಾವ ಮೀನೂ ನಿಲ್ಲುವುದಿಲ್ಲ. ಆಳದ ಸರೋವರಗಳಲ್ಲಿ ಬಿಸಿ ನೀರು ಮೇಲೆ, ತಣ್ಣನೆಯದು ಕೆಳಗೆ ಪದರವಾಗಿ ನಿಲ್ಲುತ್ತದೆ, ಎರಡೂ ತಿಂಗಳುಗಟ್ಟಲೆ ಬೆರೆಯುವುದಿಲ್ಲ. ತಳದ ಪದರದಲ್ಲಿ ಆಮ್ಲಜನಕ ಮುಗಿದಿದೆಯಾ ಅನ್ನೋದು ಮುಂದೆ 6ನೇ ಹಂತದಲ್ಲಿ ಬಹಳ ಬೇಕಾಗುತ್ತದೆ.

ಮೂರನೆಯದು ಒಟ್ಟು ರಂಜಕ. ಸರೋವರದ ನೀರಿನಲ್ಲಿ ಲೀಟರ್‌ಗೆ 10 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ತಿಳಿನೀರು, 35 ದಾಟಿದರೆ ಪೋಷಕಾಂಶ ಅತಿಯಾಗಿದೆ ಅಂತ, 100 ದಾಟಿದರೆ ಪರಿಸ್ಥಿತಿ ಗಂಭೀರ ಅಂತ ಸ್ಥೂಲವಾಗಿ ಲೆಕ್ಕ ಹಾಕುತ್ತಾರೆ. ಇಷ್ಟು ಸಣ್ಣ ಪ್ರಮಾಣ ಅಳೆಯುವಾಗ ಬಾಟಲಿಯಲ್ಲಿ ಉಳಿದ ಸೋಪಿನ ಅಂಶವೇ ಲೆಕ್ಕ ಕೆಡಿಸಿಬಿಡಬಹುದು, ಆದ್ದರಿಂದ ಪ್ರಯೋಗಾಲಯದವರೇ ಕೊಟ್ಟ ಬಾಟಲಿ ಬಳಸಿ.

3. ರಂಜಕದ ಜಮಾಖರ್ಚು ಹಾಕಿ

ಸಾರಜನಕ, ಇಂಗಾಲ, ಎಣ್ಣೆ, ಪ್ಲಾಸ್ಟಿಕ್ ಇಷ್ಟೆಲ್ಲ ಇರುವಾಗ ರಂಜಕದ ಹಿಂದೆಯೇ ಯಾಕೆ ಬೀಳಬೇಕು ಅಂತ ಕೇಳುತ್ತೀರಿ ಅಲ್ವಾ? 1973ರಲ್ಲಿ ಕೆನಡಾದ ವಿಜ್ಞಾನಿಗಳು 226ನೇ ನಂಬರಿನ ಒಂದು ಸರೋವರವನ್ನು ನಡುವೆ ಪರದೆ ಇಳಿಸಿ ಎರಡು ಭಾಗ ಮಾಡಿದರು. ಒಂದು ಬದಿಗೆ ಇಂಗಾಲ ಮತ್ತು ಸಾರಜನಕ ಹಾಕಿದರು, ಇನ್ನೊಂದು ಬದಿಗೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಬದಿ ಹಸಿರುಗಟ್ಟಿತು, ಇನ್ನೊಂದು ಬದಿ ಹಾಗೇ ಇತ್ತು. ಆಕಾಶದಿಂದ ತೆಗೆದ ಆ ಒಂದು ಫೋಟೋ, ಪಾಚಿಗೆ ಕಾರಣ ಯಾವುದು ಅನ್ನುವ ಎಷ್ಟೋ ವರ್ಷದ ಜಗಳಕ್ಕೆ ದೊಡ್ಡ ಉತ್ತರ ಕೊಟ್ಟಿತು. ಸಾರಜನಕವೂ ಲೆಕ್ಕಕ್ಕೆ ಬರುವ ಸರೋವರಗಳಿವೆ, ಅಲ್ಲಿ ಎರಡನ್ನೂ ಕಡಿಮೆ ಮಾಡಬೇಕು. ಆದರೆ ಗಾಳಿಯಿಂದಲೇ ಸಾರಜನಕ ಹೀರಿಕೊಳ್ಳುವ ಪಾಚಿಗಳಿವೆ, ರಂಜಕವನ್ನು ಹಾಗೆ ಗಾಳಿಯಿಂದ ಹೀರಲು ಯಾವುದಕ್ಕೂ ಆಗುವುದಿಲ್ಲ. ಹಾಗಾಗಿ ನಮ್ಮ ಹಿಡಿತಕ್ಕೆ ಸಿಗುವುದು ಅದೇ.

ಲೆಕ್ಕ ಸುಲಭ. ಹಳ್ಳದಲ್ಲಿ ಎಷ್ಟು ನೀರು ಹರಿಯುತ್ತಿದೆ ಅನ್ನೋದನ್ನು ಅದರಲ್ಲಿ ಎಷ್ಟು ರಂಜಕ ಇದೆ ಅನ್ನೋದರಿಂದ ಗುಣಿಸಿ. ಉದಾಹರಣೆಗೆ ಒಂದು ಹಳ್ಳದಲ್ಲಿ ಸೆಕೆಂಡಿಗೆ 1,000 ಲೀಟರ್ ನೀರು, ಲೀಟರ್‌ಗೆ 0.1 ಮಿಲಿಗ್ರಾಂ ರಂಜಕ ಇದೆ ಅಂತಿಟ್ಟುಕೊಳ್ಳಿ. ನೋಡಲು ಏನೂ ಅಲ್ಲ ಅನ್ನಿಸುತ್ತದೆ. ದಿನಕ್ಕೆ 8.6 ಕಿಲೋ, ವರ್ಷಕ್ಕೆ ಮೂರು ಟನ್‌ಗೂ ಜಾಸ್ತಿ ಆಯಿತು. ಒಂದು ಕಿಲೋ ರಂಜಕದಿಂದ ಸುಮಾರು 500 ಕಿಲೋ ಹಸಿ ಪಾಚಿ ಬೆಳೆಯಬಹುದು ಅಂತ ಹೇಳುತ್ತಾರೆ, ಅದನ್ನೂ ಗುಣಿಸಿ ನೋಡಿ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ದಿನಕ್ಕೆ ಸುಮಾರು 1.5 ಗ್ರಾಂ ರಂಜಕ ಇರುತ್ತದೆ. ಹತ್ತು ಸಾವಿರ ಜನರ ಒಂದು ಊರಿನ ಕೊಳಚೆ ನೇರವಾಗಿ ಬಂದರೆ ದಿನಕ್ಕೆ 15 ಕಿಲೋ.

ಪ್ರತಿ ಹಳ್ಳ, ಪ್ರತಿ ಕೊಳವೆಗೆ ಹೀಗೆ ಲೆಕ್ಕ ಹಾಕಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರೆಯಿರಿ. ಹೆಚ್ಚಿನ ಕಡೆ ಮೇಲಿನ ಮೂರು ನಾಲ್ಕೇ ಒಟ್ಟು ಹೊರೆಯ ದೊಡ್ಡ ಪಾಲು ಹೊತ್ತಿರುತ್ತವೆ. ಎಲ್ಲಿಂದ ಶುರು ಮಾಡಬೇಕು ಅನ್ನೋದಕ್ಕೆ ಆ ಪಟ್ಟಿಯೇ ಉತ್ತರ.

ಎಚ್ಚರಿಕೆ: ಇಡೀ ವರ್ಷ ತಿಂಗಳಿಗೊಂದು ಮಾದರಿ ತೆಗೆದು ಜೋರು ಮಳೆಯ ದಿನಗಳನ್ನು ಬಿಟ್ಟುಬಿಟ್ಟರೆ ಲೆಕ್ಕ ಪೂರ್ತಿ ದಾರಿ ತಪ್ಪುತ್ತದೆ. ಹೊಲದಿಂದ ಬರುವ ರಂಜಕದ ಬಹುಪಾಲು ವರ್ಷದ ಕೆಲವೇ ದೊಡ್ಡ ಮಳೆಗಳಲ್ಲಿ ಕೊಚ್ಚಿಕೊಂಡು ಬರುತ್ತದೆ. ಮಳೆಯಲ್ಲಿ ನೆನೆದುಕೊಂಡು ಮಾದರಿ ತೆಗೆಯುವುದು ಯಾರಿಗೂ ಬೇಡದ ಕೆಲಸ, ಆದರೂ ಅದನ್ನು ಮಾಡಲೇಬೇಕು. ಉಕ್ಕಿ ಹರಿಯುವ ಹಳ್ಳಕ್ಕೆ ಮಾತ್ರ ಇಳಿಯಬೇಡಿ, ಸೇತುವೆ ಮೇಲಿಂದ ಹಗ್ಗಕ್ಕೆ ಪಾತ್ರೆ ಕಟ್ಟಿ ಎತ್ತಿಕೊಳ್ಳಿ.

4. ಒಳಬರುವುದನ್ನು ನಿಲ್ಲಿಸಿ

ನಿಮ್ಮ ಶಕ್ತಿ, ದುಡ್ಡು, ಸಮಯದ ದೊಡ್ಡ ಪಾಲು ಇಲ್ಲೇ ಖರ್ಚಾಗಬೇಕು.

ಅಮೆರಿಕದ ಸಿಯಾಟಲ್ ನಗರದ ಪಕ್ಕದ ವಾಷಿಂಗ್ಟನ್ ಸರೋವರದ ಕತೆಯನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಸುತ್ತಲಿನ ಊರುಗಳು ತಮ್ಮ ಕೊಳಚೆಯನ್ನು ಶುದ್ಧೀಕರಿಸಿಯೇ ಸರೋವರಕ್ಕೆ ಬಿಡುತ್ತಿದ್ದವು. ಆದರೂ 1955ರಲ್ಲಿ ಕೆಟ್ಟ ಪಾಚಿ ಕಾಣಿಸಿಕೊಂಡಿತು. ಟಾಮಿ ಎಡ್ಮಂಡ್‌ಸನ್ ಅನ್ನುವ ಸರೋವರ ವಿಜ್ಞಾನಿ ಕಾರಣ ರಂಜಕ ಅಂತ ಜನರಿಗೆ ಬಿಡಿಸಿ ಹೇಳಿದರು. ಜನ ಮತ ಹಾಕಿ ಒಪ್ಪಿಗೆ ಕೊಟ್ಟರು, 1963ರಿಂದ 1968ರ ಒಳಗೆ ಆ ನೀರನ್ನೆಲ್ಲ ಬೇರೆ ಕಡೆಗೆ ತಿರುಗಿಸಿದರು. 1960ರ ದಶಕದ ನಡುವೆ ಸೆಕ್ಕಿ ತಟ್ಟೆ ಸುಮಾರು ಒಂದು ಮೀಟರ್‌ಗೇ ಮರೆಯಾಗುತ್ತಿತ್ತು, 1970ರ ದಶಕದ ಶುರುವಿಗೆ ಸುಮಾರು ಮೂರು ಮೀಟರ್‌ವರೆಗೆ ಕಾಣತೊಡಗಿತು. ಸರೋವರದೊಳಗೆ ಯಾರೂ ಏನೂ ಮಾಡಿರಲಿಲ್ಲ.

ಇದರಲ್ಲಿ ಗಮನಿಸಬೇಕಾದ್ದು ಆ "ಶುದ್ಧೀಕರಿಸಿಯೇ" ಅನ್ನುವ ಪದ. ಸಾಮಾನ್ಯ ಕೊಳಚೆ ಶುದ್ಧೀಕರಣ ಘಟಕ ವಾಸನೆ, ಮಲಿನ, ರೋಗಾಣುಗಳನ್ನು ಕಡಿಮೆ ಮಾಡುತ್ತದೆ, ಆದರೆ ರಂಜಕದ ದೊಡ್ಡ ಪಾಲು ನೀರಿನ ಜೊತೆ ಹೊರಗೆ ಹೋಗಿಬಿಡುತ್ತದೆ. ರಂಜಕ ತೆಗೆಯಲು ಬೇರೆಯೇ ಹಂತ ಬೇಕು. ಹಾಗಾಗಿ "ಘಟಕ ಇದೆ" ಅನ್ನುವ ಉತ್ತರಕ್ಕೆ ತೃಪ್ತರಾಗಬೇಡಿ. ಹೊರಬರುವ ನೀರಿನಲ್ಲಿ ರಂಜಕ ಎಷ್ಟಿದೆ, ಕರೆಂಟ್ ಹೋದಾಗ ಏನಾಗುತ್ತದೆ, ಮಳೆಗಾಲದಲ್ಲಿ ಉಕ್ಕಿದ ನೀರನ್ನು ಎಲ್ಲಿಗೆ ಬಿಡುತ್ತಾರೆ, ಈ ಮೂರನ್ನೂ ಕೇಳಿ. ನೀರನ್ನು ತಿರುಗಿಸುವ ಯೋಜನೆಯಾದರೆ ಅದು ಇನ್ನೊಬ್ಬರ ಕುಡಿಯುವ ನೀರಿಗೆ ಹೋಗಿ ಸೇರುತ್ತಿಲ್ಲ ಅನ್ನೋದನ್ನೂ ಖಚಿತ ಮಾಡಿಕೊಳ್ಳಿ. ನಮ್ಮ ಕಷ್ಟವನ್ನು ಕೆಳಗಿನ ಊರಿನವರ ತಲೆಗೆ ಕಟ್ಟುವುದು ಸರಿಯಲ್ಲ.

ಕೊಳಚೆಗಿಂತ ಕಷ್ಟ ಹೊಲದ ನೀರು. ಅದಕ್ಕೆ ಕೊಳವೆ ಇಲ್ಲ, ಒಂದೇ ಬಾಗಿಲಿಲ್ಲ. ಈರೀ ಸರೋವರವನ್ನೇ ನೋಡಿ. 1972ರಲ್ಲಿ ಅಮೆರಿಕ ಮತ್ತು ಕೆನಡಾ ಒಪ್ಪಂದ ಮಾಡಿಕೊಂಡವು, ಮುಂದೆ ವರ್ಷಕ್ಕೆ 11,000 ಟನ್ ರಂಜಕದ ಮಿತಿ ಹಾಕಿಕೊಂಡು ಘಟಕಗಳನ್ನು ಸುಧಾರಿಸಿದವು, ಸರೋವರ ಚೇತರಿಸಿಕೊಂಡಿತು. ಆದರೆ 1990ರ ದಶಕದ ನಂತರ ಪಾಚಿ ಮತ್ತೆ ಬಂತು. ಈ ಸಲ ಮುಖ್ಯ ಕಾರಣ ಹೊಲಗಳಿಂದ ಬರುತ್ತಿದ್ದ ಕರಗಿದ ರಂಜಕ. ಮಣ್ಣಿಗೆ ಅಂಟಿಕೊಂಡ ರಂಜಕವನ್ನು ಬದು, ಹುಲ್ಲಿನ ಪಟ್ಟಿ ತಡೆಯುತ್ತವೆ, ಕರಗಿದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೆ ಉಪಾಯ ಅಂದರೆ ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಹಾಕುವುದು, ಮೇಲೆ ಚೆಲ್ಲದೆ ಮಣ್ಣಿನೊಳಗೆ ಕೊಡುವುದು, ಜೋರು ಮಳೆಯ ಮುನ್ಸೂಚನೆ ಇದ್ದಾಗ ಹಾಕದಿರುವುದು. ರೈತರ ಹತ್ತಿರ ಮಾತಾಡುವಾಗ ದಯವಿಟ್ಟು ತಪ್ಪು ಹೊರಿಸುವ ದನಿಯಲ್ಲಿ ಶುರು ಮಾಡಬೇಡಿ. ಕೊಚ್ಚಿಹೋಗುವ ಗೊಬ್ಬರ ಅವರ ದುಡ್ಡು. ಅದನ್ನು ಉಳಿಸಿಕೊಳ್ಳುವುದು ಅವರಿಗೂ ಬೇಕು.

5. ದಡ, ಜೌಗು ನೆಲ, ನೀರಿನ ಮಟ್ಟ

ಸರೋವರದ ಅಂಚಿನಲ್ಲಿ ಬೆಳೆಯುವ ಜೊಂಡು, ಹುಲ್ಲು, ನೀರಲ್ಲಿ ಮುಳುಗಿ ಬೆಳೆಯುವ ಗಿಡಗಳನ್ನು ಎಷ್ಟೋ ಜನ ಕಸ ಅಂದುಕೊಂಡು ಕಿತ್ತು ಹಾಕುತ್ತಾರೆ. ಮೀನಿನ ಮರಿಗಳು ಅಡಗುವುದು ಅಲ್ಲಿ, ಹಕ್ಕಿ ಗೂಡು ಕಟ್ಟುವುದು ಅಲ್ಲಿ, ಹಳ್ಳದ ನೀರು ನಿಧಾನವಾಗಿ ಮಣ್ಣು ಬಿಟ್ಟು ಹೋಗುವುದೂ ಅಲ್ಲಿಯೇ. ದಡದ ಸುತ್ತ ಕಲ್ಲು, ಕಾಂಕ್ರೀಟ್ ಗೋಡೆ ಕಟ್ಟಿ ನಡೆಯುವ ದಾರಿ ಮಾಡಿದರೆ ನೋಡಲು ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಸರೋವರದ ಅಂಚು ಸತ್ತುಹೋಗುತ್ತದೆ. ದಾರಿ ಬೇಕೇ ಬೇಕು ಅಂದರೆ ಅಂಚಿನಿಂದ ದೂರ ಮಾಡಿ, ಕೆಲವು ಕಡೆ ಮಾತ್ರ ನೀರಿನ ಹತ್ತಿರ ಬರಲಿ. ಹಳ್ಳ ಬಂದು ಸೇರುವ ಜಾಗದ ಜೌಗನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಲು ಬಿಡಬೇಡಿ.

ಹೊಲವಾಗಿ ಬದಲಾದ ಹಳೆಯ ಜೌಗು ನೆಲವನ್ನು ಮತ್ತೆ ನೀರಿಗೆ ಬಿಡುವ ಯೋಚನೆ ಇದ್ದರೆ ಮೊದಲು ಆ ಮಣ್ಣಿನಲ್ಲಿ ಹಳೆಯ ಕೀಟನಾಶಕ ಉಳಿದಿದೆಯಾ ಅಂತ ಪರೀಕ್ಷೆ ಮಾಡಿಸಿ. ಫ್ಲಾರಿಡಾದ ಅಪಾಪ್ಕಾ ಸರೋವರದ ಪಕ್ಕದ ಹೊಲಗಳನ್ನು ಸರೋವರದ ಒಳ್ಳೆಯದಕ್ಕೆಂದೇ ಕೊಂಡು ನೀರು ತುಂಬಿಸಿದ ಮೇಲೆ 1998-99ರ ಚಳಿಗಾಲದಲ್ಲಿ ನೂರಾರು ಹಕ್ಕಿಗಳು ಸತ್ತವು. ಮಣ್ಣಿನಲ್ಲಿದ್ದ ವಿಷ ಮೀನಿಗೆ, ಮೀನಿನಿಂದ ಹಕ್ಕಿಗೆ ಹೋಗಿತ್ತು.

ನೀರಿನ ಮಟ್ಟದ ಬಗ್ಗೆ ಒಂದು ಮಾತು. ವರ್ಷವಿಡೀ ತುಂಬಿ ತುಳುಕುತ್ತಿದ್ದರೆ ಸರೋವರ ಚೆನ್ನಾಗಿದೆ ಅನ್ನೋದು ನಮ್ಮೆಲ್ಲರ ಭಾವನೆ, ಆದರೆ ಅದರ ಜೀವಿಗಳು ಏರಿಳಿತಕ್ಕೆ ಒಗ್ಗಿಕೊಂಡಿರುತ್ತವೆ. ಮಣಿಪುರದ ಲೋಕ್ತಾಕ್ ಸರೋವರದಲ್ಲಿ ಫುಮ್ದಿ ಅನ್ನುವ ತೇಲುವ ಹುಲ್ಲಿನ ನಡುಗಡ್ಡೆಗಳಿವೆ, ಅಪರೂಪದ ಸಂಗಾಯ್ ಜಿಂಕೆ ಬದುಕಿರುವುದು ಅವುಗಳ ಮೇಲೆ. ಮೊದಲು ಬೇಸಿಗೆಯಲ್ಲಿ ನೀರು ಇಳಿದಾಗ ಫುಮ್ದಿ ತಳಕ್ಕೆ ತಾಗಿ, ಬೇರುಗಳು ಮಣ್ಣಿನಿಂದ ಆಹಾರ ಎಳೆದುಕೊಂಡು ದಪ್ಪವಾಗುತ್ತಿದ್ದವು. 1983ರಲ್ಲಿ ಇಥಾಯ್ ಅಣೆಕಟ್ಟೆ ಬಂದ ಮೇಲೆ ನೀರು ವರ್ಷವಿಡೀ ಎತ್ತರದಲ್ಲೇ ನಿಂತಿತು. ಫುಮ್ದಿಗಳು ತೆಳ್ಳಗಾಗುತ್ತಾ ಬಂದವು, ಜಿಂಕೆಯ ಭಾರ ತಡೆಯದಷ್ಟು. ನಿಮ್ಮ ಸರೋವರದ ಕೋಡಿ, ತೂಬು, ಗೇಟು ಯಾರ ಕೈಯಲ್ಲಿದೆ, ಅವರು ಯಾವ ಲೆಕ್ಕದಲ್ಲಿ ತೆರೆಯುತ್ತಾರೆ ಅನ್ನೋದನ್ನು ವಿಚಾರಿಸಿ. ಕೆಲವೊಮ್ಮೆ ಒಂದು ರೂಪಾಯಿ ಖರ್ಚಿಲ್ಲದೆ ಬರೀ ಗೇಟಿನ ವೇಳಾಪಟ್ಟಿ ಬದಲಿಸಿಯೇ ದೊಡ್ಡ ಉಪಕಾರ ಮಾಡಬಹುದು.

6. ಈಗ ನೀರಿಗೆ ಇಳಿಯಿರಿ

ಒಳಹರಿವು ಕಡಿಮೆಯಾದ ಮೇಲೂ ಎಷ್ಟೋ ಸರೋವರಗಳು ಹಸಿರಾಗೇ ಇರುತ್ತವೆ. ಕಾರಣ ತಳದ ಕೆಸರು. ವರ್ಷಗಟ್ಟಲೆ ಬಂದ ರಂಜಕ ಅಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಕೂತಿರುತ್ತದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಆ ಹಿಡಿತ ಬಿಟ್ಟುಹೋಗಿ ರಂಜಕ ಮತ್ತೆ ನೀರಿಗೆ ಬರುತ್ತದೆ. ಇದನ್ನು ಒಳಹೊರೆ ಅನ್ನಬಹುದು. ತಾನಾಗೇ ಕಡಿಮೆಯಾಗಲು ಬಿಟ್ಟರೆ ಸಾಮಾನ್ಯವಾಗಿ 10ರಿಂದ 15 ವರ್ಷ ಹಿಡಿಯುತ್ತದೆ. ಕಾಯಲು ಆಗದಿದ್ದರೆ ಈ ದಾರಿಗಳಿವೆ.

ಹೂಳೆತ್ತುವುದು. ಸ್ವೀಡನ್ನಿನ ಟ್ರುಮೆನ್ ಸರೋವರಕ್ಕೆ ಕೊಳಚೆ ಬರುವುದನ್ನು 1950ರ ದಶಕದ ಕೊನೆಯಲ್ಲೇ ನಿಲ್ಲಿಸಿದ್ದರು, ಹತ್ತು ವರ್ಷ ಕಳೆದರೂ ಅದು ಸುಧಾರಿಸಲಿಲ್ಲ. 1970-71ರಲ್ಲಿ ಮೇಲಿನ ಪೋಷಕಾಂಶ ತುಂಬಿದ ಕೆಸರು ತೆಗೆದ ಮೇಲೆ ಸುಧಾರಿಸಿತು. ಆದರೆ ಅದು ಬರೀ ಒಂದು ಚದರ ಕಿಲೋಮೀಟರ್‌ನಷ್ಟು ಚಿಕ್ಕದು. ದೊಡ್ಡ ಸರೋವರದಲ್ಲಿ ಇಡೀ ತಳ ತೆಗೆಯಲು ಆಗುವುದಿಲ್ಲ, ಹಳ್ಳ ಸೇರುವ ಬಾಯಿಗಳಲ್ಲಿ ಮಾತ್ರ ತೆಗೆಯಬಹುದು. ತೆಗೆಯುವ ಮೊದಲು ಕೆಸರಿನಲ್ಲಿ ಭಾರಲೋಹ ಇದೆಯಾ ನೋಡಿಸಿ, ಎಲ್ಲಿ ಹಾಕುತ್ತೀರಿ ಅನ್ನೋದನ್ನು ತೀರ್ಮಾನಿಸಿ. ದಡದಲ್ಲೇ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ಅದು ವಾಪಸ್ ಬರುತ್ತದೆ. ಮೀನು ಮೊಟ್ಟೆ ಇಡುವ ತಿಂಗಳಲ್ಲಿ ಯಂತ್ರ ಇಳಿಸಬೇಡಿ.

ಅಲ್ಯುಮಿನಿಯಂ ಸಲ್ಫೇಟ್, ಅಂದರೆ ಆಲಂ. ಇದು ರಂಜಕವನ್ನು ಹಿಡಿದು ತಳಕ್ಕೆ ಕೂರಿಸುತ್ತದೆ, ಆಮ್ಲಜನಕ ಇಲ್ಲದಿದ್ದರೂ ಬಿಟ್ಟುಕೊಡುವುದಿಲ್ಲ. ಆದರೆ ನೀರಿನ ಪಿಎಚ್ 6ಕ್ಕಿಂತ ಕೆಳಗೆ ಇಳಿದರೆ ಕರಗಿದ ಅಲ್ಯುಮಿನಿಯಂ ಮೀನುಗಳಿಗೆ ವಿಷ. ತಜ್ಞರಿಲ್ಲದೆ, ಅನುಮತಿ ಇಲ್ಲದೆ ಇದಕ್ಕೆ ಕೈ ಹಾಕಲೇಬೇಡಿ.

ಗಾಳಿ ಊದುವ ಯಂತ್ರಗಳು. ಚಿಕ್ಕ ನೀರಿನಲ್ಲಿ, ಮೀನು ಸಾಯುವ ತುರ್ತಿನಲ್ಲಿ ಉಪಯೋಗಕ್ಕೆ ಬರುತ್ತವೆ. ಆಳದ ಸರೋವರದಲ್ಲಿ ಲೆಕ್ಕವಿಲ್ಲದೆ ಹಾಕಿದರೆ ತಳದ ರಂಜಕವನ್ನು ಮೇಲಕ್ಕೆ ತಂದು ಪಾಚಿಗೆ ಬಡಿಸಿದಂತಾಗುತ್ತದೆ. ಕಾರಂಜಿಗಳಿಂದ ಇಡೀ ಸರೋವರ ಸುಧಾರಿಸುತ್ತದೆ ಅನ್ನೋ ಮಾತನ್ನು ನಂಬಬೇಡಿ. ಸೂಕ್ಷ್ಮಜೀವಿ ದ್ರಾವಣದ ಬಗ್ಗೆ ಕೇಳಿದ್ದಿರಲ್ಲ, ಅದು ರಂಜಕವನ್ನು ಸರೋವರದಿಂದ ಹೊರಗೆ ಹಾಕುವುದಿಲ್ಲ, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುತ್ತದೆ ಅಷ್ಟೇ. ನಾನಂತೂ ಆ ದುಡ್ಡನ್ನು 4ನೇ ಹಂತಕ್ಕೆ ಹಾಕುತ್ತೇನೆ.

ಮೀನಿನ ಲೆಕ್ಕ ಸರಿಮಾಡುವುದು. ಆಳವಿಲ್ಲದ ಸರೋವರಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು ಸ್ಥಿತಿಯಲ್ಲಿ ನಿಲ್ಲುತ್ತವೆ: ಗಿಡಗಳಿರುವ ತಿಳಿನೀರು, ಇಲ್ಲವೇ ಪಾಚಿಯ ಕದಡು ನೀರು. ಡ್ಯಾಫ್ನಿಯಾ ಅನ್ನುವ, ಕಣ್ಣಿಗೆ ಚುಕ್ಕೆಯಷ್ಟೇ ಕಾಣುವ ಜೀವಿ ಪಾಚಿಯನ್ನು ತಿನ್ನುತ್ತದೆ. ಸಣ್ಣ ಮೀನುಗಳು ಡ್ಯಾಫ್ನಿಯಾವನ್ನು ತಿನ್ನುತ್ತವೆ. ಸಣ್ಣ ಮೀನು ಅತಿಯಾದರೆ ಪಾಚಿಗೆ ಕಾವಲೇ ಇರುವುದಿಲ್ಲ. ಜೊತೆಗೆ ಕಾಮನ್ ಕಾರ್ಪ್‌ನಂಥ ತಳ ಕೆದಕುವ ಮೀನುಗಳು ಕೆಸರೆಬ್ಬಿಸಿ ಗಿಡ ಬೇರೂರದಂತೆ ಮಾಡುತ್ತವೆ. ಇಂಥ ಮೀನುಗಳನ್ನು ಒಂದೆರಡು ವರ್ಷದೊಳಗೆ ಮುಕ್ಕಾಲು ಪಾಲಾದರೂ ಹಿಡಿದು ತೆಗೆದು, ಬೇಟೆಯಾಡುವ ಸ್ಥಳೀಯ ದೊಡ್ಡ ಮೀನುಗಳನ್ನು ಕಾಪಾಡಿದರೆ ನೀರು ತಿಳಿಯಾದ ಉದಾಹರಣೆಗಳು ಯುರೋಪಿನ ತಂಪು ನಾಡುಗಳಲ್ಲಿವೆ. ಬಿಸಿ ಪ್ರದೇಶಗಳಲ್ಲಿ ಸಣ್ಣ ಮೀನುಗಳು ವರ್ಷವಿಡೀ ಮರಿ ಹಾಕುವುದರಿಂದ ಇದು ಅಷ್ಟು ಸುಲಭವಾಗಿ ಫಲಿಸುವುದಿಲ್ಲ. ಎಲ್ಲಿಯೇ ಆಗಲಿ, ರಂಜಕ ಕಡಿಮೆಯಾಗದೆ ಮಾಡಿದರೆ ಹಿಡಿದ ಶ್ರಮ ವ್ಯರ್ಥ.

7. ಹೊರಗಿನಿಂದ ಬಂದ ಜೀವಿಗಳು

ಬರದಂತೆ ತಡೆಯುವುದೊಂದೇ ನಿಜವಾಗಿ ಕೈಗೆಟುಕುವ ದಾರಿ. ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕೆ 1950-60ರ ದಶಕಗಳಲ್ಲಿ ನೈಲ್ ಪರ್ಚ್ ಮೀನು ಬಿಟ್ಟರು, ಬೇರೆಲ್ಲೂ ಇಲ್ಲದ ನೂರಾರು ಜಾತಿಯ ಪುಟ್ಟ ಸಿಕ್ಲಿಡ್ ಮೀನುಗಳು ಆಮೇಲೆ ಕಾಣೆಯಾದವು. ಜೀಬ್ರಾ ಮಸೆಲ್ ಅನ್ನುವ ಬೆರಳುಗುರಿನಷ್ಟು ಚಿಪ್ಪುಜೀವಿ ಹಡಗುಗಳು ಭಾರ ಸರಿದೂಗಿಸಲು ತುಂಬಿಕೊಂಡಿದ್ದ ನೀರಿನ ಜೊತೆ ಬಂದು 1988ರಲ್ಲಿ ಅಮೆರಿಕದ ಮಹಾಸರೋವರಗಳ ಪ್ರದೇಶದಲ್ಲಿ ಪತ್ತೆಯಾಯಿತು, ಇವತ್ತಿಗೂ ಅದನ್ನು ಹೊರಗೆ ಹಾಕಲು ಆಗಿಲ್ಲ. ನಿಯಮ ಸರಳವಾಗಿಡಿ: ಬೇರೆ ನೀರಿನಿಂದ ಬಂದ ದೋಣಿ, ಬಲೆ, ಬೂಟು ತೊಳೆದು ಪೂರ್ತಿ ಒಣಗಿಸಿಯೇ ಇಳಿಸಬೇಕು. ಅಕ್ವೇರಿಯಂ ಮೀನು, ಗಿಡ ತಂದು ಬಿಡಬಾರದು. "ಮೀನು ಬೆಳೆಯಲಿ" ಅಂತ ಹೊರಗಿನ ಮೀನುಮರಿ ಸುರಿಯುವ ಕಾರ್ಯಕ್ರಮಗಳಿಗೆ ಒಪ್ಪಬೇಡಿ.

ನೀರು ಹಯಸಿಂತ್, ಅಂದರೆ ನೇರಳೆ ಹೂವಿನ ತೇಲುವ ಕಳೆ, ಈಗಾಗಲೇ ತುಂಬಿದ್ದರೆ ತೆಗೆಸಿ. ಆದರೆ ಅಲ್ಲೇ ಕತ್ತರಿಸಿ ಬಿಟ್ಟರೆ ಕೊಳೆತು ಆಮ್ಲಜನಕ ಮುಗಿಸುತ್ತದೆ, ಹಿಡಿದಿಟ್ಟ ರಂಜಕ ವಾಪಸ್ ನೀರಿಗೇ ಸೇರುತ್ತದೆ. ದಡದಿಂದ ದೂರ ಸಾಗಿಸಲೇಬೇಕು. ಬೀಜ ಹತ್ತಾರು ವರ್ಷ ಕೆಸರಿನಲ್ಲಿ ಜೀವಂತ ಇರುವುದರಿಂದ ಪ್ರತಿ ವರ್ಷ ಚಿಕ್ಕ ಗುಂಪಿದ್ದಾಗಲೇ ಕೀಳಬೇಕು. ವಿಕ್ಟೋರಿಯಾದಲ್ಲಿ ಈ ಕಳೆಯನ್ನು ತಿನ್ನುವ, ದಕ್ಷಿಣ ಅಮೆರಿಕ ಮೂಲದ ಮೂತಿಹುಳುಗಳನ್ನು ತಂದು ಬಿಟ್ಟು 1990ರ ದಶಕದ ಕೊನೆಗೆ ಕಳೆಯನ್ನು ಬಹಳ ಕಡಿಮೆ ಮಾಡಿದ್ದರು. ಪೋಷಕಾಂಶ ಬರುತ್ತಲೇ ಇದ್ದದ್ದರಿಂದ ಅದು ಆಮೇಲೆ ಮತ್ತೆ ಹರಡಿತು.

8. ವಿಷಪಾಚಿ ಬಂದರೆ

ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಪದರ ಕಂಡರೆ ಅದು ಸಯನೋಬ್ಯಾಕ್ಟೀರಿಯಾ ಇರಬಹುದು, ಜನ ನೀಲಿಹಸಿರು ಪಾಚಿ ಅನ್ನುತ್ತಾರೆ. ಇದರಲ್ಲಿ ಕೆಲವು ಯಕೃತ್ತಿಗೆ ಹಾನಿ ಮಾಡುವ ಮೈಕ್ರೋಸಿಸ್ಟಿನ್ ವಿಷ ಮಾಡುತ್ತವೆ. 2014ರ ಆಗಸ್ಟ್‌ನಲ್ಲಿ ಈರೀ ದಡದ ಟೊಲೀಡೊ ನಗರದಲ್ಲಿ ಸುಮಾರು ಐದು ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ ಅಂತ ಹೇಳಬೇಕಾಯಿತು. ನೀರು ಕುದಿಸಿದರೆ ಈ ವಿಷ ಹೋಗುವುದಿಲ್ಲ, ನೀರು ಆವಿಯಾಗಿ ವಿಷದ ಪ್ರಮಾಣ ಇನ್ನೂ ಹೆಚ್ಚಾಗಬಹುದು. ಮೈಲುತುತ್ತದಂಥ ಪಾಚಿನಾಶಕ ಸುರಿದರೆ ಪಾಚಿಯ ಕೋಶ ಒಡೆದು ಒಳಗಿದ್ದ ವಿಷವೆಲ್ಲ ಒಮ್ಮೆಗೇ ನೀರಿಗೆ ಬರುತ್ತದೆ. ಮಕ್ಕಳನ್ನು, ದನ ನಾಯಿಗಳನ್ನು ದೂರ ಇಡಿ, ನೀರು ಪೂರೈಸುವವರಿಗೆ ಕೂಡಲೇ ತಿಳಿಸಿ, ಮಾದರಿ ತೆಗೆಯುವಾಗ ಕೈಗವಸು ಹಾಕಿಕೊಳ್ಳಿ.

9. ಅಳೆಯುವುದನ್ನು ಮುಂದುವರಿಸಿ

ಎರಡನೇ ಹಂತದಲ್ಲಿ ಶುರು ಮಾಡಿದ ಅಳತೆಯನ್ನು ಅದೇ ಜಾಗದಲ್ಲಿ, ಅದೇ ರೀತಿಯಲ್ಲಿ ಮುಂದುವರಿಸಿ. ನಡುವೆ ಒಂದು ಒಳ್ಳೆಯ ಮಳೆಗಾಲ ಬಂದು ನೀರು ಸುಮ್ನೆ ತಿಳಿಯಾಗಿ ಕಾಣಬಹುದು, ಮರುವರ್ಷ ಬಿಸಿಲು ಜಾಸ್ತಿಯಾಗಿ ಮತ್ತೆ ಹಸಿರಾಗಬಹುದು. ಒಂದು ವರ್ಷದ ಅಂಕಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ, ಐದು ವರ್ಷದ ಸರಾಸರಿ ನೋಡಿ. ನೀರು ತಿಳಿಯಾದ ಮೊದಲ ವರ್ಷಗಳಲ್ಲಿ ಬೆಳಕು ತಳಕ್ಕೆ ತಲುಪಿ ನೀರೊಳಗಿನ ಗಿಡಗಳು ಒಮ್ಮೆಲೇ ಬೆಳೆಯುತ್ತವೆ. "ಕಳೆ ಬಂತು, ಕೀಳಿಸಿ" ಅಂತ ಆಗ ಒತ್ತಡ ಬರುತ್ತದೆ. ಸ್ಥಳೀಯ ಗಿಡಗಳಾಗಿದ್ದರೆ ದೋಣಿ ಓಡಾಡುವ ದಾರಿಯಷ್ಟು ಬಿಡಿಸಿ ಉಳಿದದ್ದನ್ನು ಹಾಗೇ ಬಿಡಿ, ತಿಳಿನೀರನ್ನು ಹಿಡಿದಿಡುವುದು ಅವೇ.

ನೋಟ್‌ಬುಕ್‌ನಲ್ಲಿ ಪ್ರತಿ ಭೇಟಿಗೂ ಒಂದು ಸಾಲು: ತಾರೀಕು, ಹೊತ್ತು, ಜಾಗ, ಹಿಂದಿನ ಮೂರು ದಿನದ ಮಳೆ, ನೀರಿನ ಮಟ್ಟ, ಸೆಕ್ಕಿ ಆಳ, ಮೇಲಿನ ಮತ್ತು ತಳದ ಆಮ್ಲಜನಕ, ನೀರಿನ ಬಣ್ಣ, ಸತ್ತ ಮೀನು ಕಂಡವಾ, ಯಾರು ಅಳೆದರು. ಪ್ರತಿ ತಿಂಗಳು ಅದರ ಫೋಟೋ ತೆಗೆದು ಇಬ್ಬರು ಬೇರೆ ಬೇರೆ ಕಡೆ ಇಟ್ಟುಕೊಳ್ಳಿ, ಅಂಕಿಗಳನ್ನು ಎಲ್ಲರಿಗೂ ಕಾಣುವ ಹಾಗೆ ದಡದ ಹಲಗೆಯ ಮೇಲೆ ಬರೆಯಿರಿ.